ಒಂದನೇ ನಂಬರಿನ ಬಾಜೂ

ಬಾಜೂ ಶಕೆ 171, ಹಿಂಗಾರಿಯ ಒಂಬತ್ತನೇ ವಾರ, ಬಿಡುವಿನ ದಿನ
ಉಣಕಲ್ಲ ಮೇಲ್ದಂಡೆ, ಹುಬ್ಬಳ್ಳಿ

ರತ್ನಮಾಲಾ ಅಕ್ಕಾವ್ರಿಗೆ,

ಮೇಲಿನ ತಾರೀಖು ನೋಡಿ, ಯಾರೋ ಕುಚೇಷ್ಟೆ ಮಾಡಿದ್ದಾರೆಂದು ಈ ಪತ್ರವನ್ನು ಹರಿದುಹಾಕಬೇಡಿ. ನಿಮ್ಮ ಎಣಿಕೆಯಲ್ಲಿ ಇದು 2200ನೇ ಇಸವಿಯ ಡಿಸೆಂಬರ್. ಕೆಲವು ಪದಗಳು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸುತ್ತವೆ; ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಮ್ಮ ಕನ್ನಡ ನಿಮ್ಮದರಿಂದ ಸಾಕಷ್ಟು ದೂರ ಬಂದಿದೆ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮದೇ ಕಂಪನಿಯ ಹಳೆಯ ಫೋನ್ ಕರೆಗಳ ಧ್ವನಿಮುದ್ರಿಕೆಗಳಿಂದ. ಹನ್ನೆರಡು ವರ್ಷ ಅವನ್ನು ಕೇಳಿದ್ದೇನೆ. ಅವುಗಳಲ್ಲಿ ಮಾತನಾಡುವವರೆಲ್ಲ ರೋಗಿಗಳೇ ಆದ್ದರಿಂದ ನನ್ನ ಬರವಣಿಗೆಯಲ್ಲಿ ಕೆಮ್ಮು ದಮ್ಮು ಸ್ವಲ್ಪ ಹೆಚ್ಚಾಗಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ಹೆಸರು ಹೊನ್ನಬೀ ಕಿರೇಸೂರ. ನಿಮಗೂ ನನಗೂ ರಕ್ತಸಂಬಂಧವಿಲ್ಲ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ, ಆದ್ದರಿಂದ ನೇರವಾಗಿ ಹೇಳುತ್ತೇನೆ: 2029ರ ಮಾರ್ಚ್ ಆರನೇ ತಾರೀಖು, ಮಂಗಳವಾರ, ಬೆಳಿಗ್ಗೆ ಹನ್ನೊಂದೂವರೆಗೆ ನೀವು ನಿಮ್ಮ ಆಫೀಸಿನ ಮೆಟ್ಟಿಲ ಮೇಲೆ ಕುಸಿದು ಸಾಯುತ್ತೀರಿ. ಹೃದಯದ ಕಾಯಿಲೆ. ವಯಸ್ಸು ನಲವತ್ತೈದು. ನಮ್ಮ ಹಿಂಟಪಾಲು ಕಚೇರಿಯವರು ತಾರೀಖು ತಪ್ಪಿಸದಿದ್ದರೆ ನಿಮಗೆ ಇನ್ನೂ ಏಳು ವಾರ ಸಮಯವಿದೆ. ಹಿಂಟಪಾಲು ಎಂದರೆ ಹಿಂದಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜನ್ಮಕ್ಕೆ ಒಂದೇ ಪತ್ರ. ಹೆಚ್ಚಿನವರು ಅದನ್ನು ಮುತ್ತಜ್ಜಿಗೆ ಬರೆದು ಯಾವುದೋ ಉಪ್ಪಿನಕಾಯಿಯ ಅಳತೆ ಕೇಳಿ ಮುಗಿಸಿಬಿಡುತ್ತಾರೆ. ಪತ್ರ ಹಾಕುವ ಮುನ್ನ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕು: ಇದರಿಂದ ಹಿಂದೆ ಏನೇ ಬದಲಾಗಲಿ, ಅದರಿಂದ ನನ್ನದು ಏನೇ ಅಳಿಯಲಿ, ದೂರುವುದಿಲ್ಲ ಎಂದು. ನೀವು ಬದುಕಿದರೆ ನನ್ನದು ಅಳಿಯಬಹುದು. ಅದು ನನ್ನ ಮಗಳು. ಹೇಗೆ ಎಂದು ತಿಳಿಯಬೇಕಾದರೆ ನಿಮ್ಮ ಕಥೆಯನ್ನೇ ನಿಮಗೆ ಹೇಳಬೇಕಾಗುತ್ತದೆ. ನಮ್ಮ ಶಾಲೆಗಳಲ್ಲಿ ಮಕ್ಕಳಿಗೆ ಹೇಳುವಂತೆಯೇ ಹೇಳುತ್ತೇನೆ. ತಪ್ಪಿದ್ದರೆ ಮನಸ್ಸಿನಲ್ಲೇ ತಿದ್ದಿಕೊಳ್ಳಿ.

ನಿಮ್ಮ ಮೊದಲ ಕಂಪನಿ 'ಬಂತ್ರೀ'. ಇಂಜಿನಿಯರಿಂಗ್ ಮುಗಿಸಿ ದಾಜಿಬಾನ ಪೇಟೆಯ ಸೀರೆ ಅಂಗಡಿಯೊಂದರ ಮಾಳಿಗೆಯಲ್ಲಿ ತೆರೆದದ್ದು. ಹಳ್ಳಿಗೆ ಬಸ್ಸು ಯಾವಾಗ ಬರುತ್ತದೆಂದು ಮೆಸೇಜ್ ಕಳಿಸುವ ವ್ಯವಸ್ಥೆ. ಹದಿನಾಲ್ಕು ತಿಂಗಳಿಗೆ ಮುಚ್ಚಿತು. ಏಕೆಂದು ಕೇಳಿಕೊಂಡು ನೀವು ನವಲಗುಂದದ ಕಡೆಯ ಹಳ್ಳಿಯೊಂದಕ್ಕೆ ಹೋದಾಗ ಹಿರಿಯರೊಬ್ಬರು ಹೇಳಿದರಂತೆ: "ನಿಮ್ಮ ಮೆಸೇಜು ಬಸ್ಸು ಎಲ್ಲೈತಿ ಅಂತ ಹೇಳತೈತಿ ತಂಗಿ. ಕಂಡಕ್ಟರಗ ಫೋನ್ ಹಚ್ಚಿದ್ರ ನಾ ಬರೋತನಕಾ ಬಸ್ಸ ನಿಂದರಸ್ತಾನು." ಇದನ್ನು ಓದುವಾಗ ನಮ್ಮ ಮಕ್ಕಳು ಪ್ರತಿ ವರ್ಷ ನಗುತ್ತಾರೆ. ಕಂಡಕ್ಟರು ಎಂದರೆ ಯಾರೆಂದು ಮೊದಲು ವಿವರಿಸಬೇಕಾಗುತ್ತದೆ, ಆಮೇಲೆ ನಗುತ್ತಾರೆ.

ಎರಡನೆಯದು 'ಹಂದರ'. ಮದುವೆಗೆ ಶಾಮಿಯಾನ, ಪಾತ್ರೆ, ಅಡುಗೆಯವರನ್ನು ಗೊತ್ತುಮಾಡಿಕೊಡುವುದು. ಎಷ್ಟು ಜನ ಬರುತ್ತಾರೆಂದು ಕೇಳಿದರೆ, ದೊಡ್ಡಸ್ತಿಕೆ ತೋರಿದಂತಾಗುತ್ತದೆಂದು ಯಾರೂ ನಿಜ ಹೇಳುತ್ತಿರಲಿಲ್ಲ. ಐನೂರು ಎಂದವರ ಮನೆಗೆ ಒಂಬೈನೂರು ಮಂದಿ ಬಂದು, ಎರಡನೇ ಪಂಕ್ತಿಗೆ ಅನ್ನವಿಲ್ಲದೆ ನೀವು ಬೈಸಿಕೊಂಡಿರಿ. ಆಮೇಲೆ ನಿಮಗೊಂದು ಉಪಾಯ ಹೊಳೆಯಿತು: ಗಂಡಿನ ಕಡೆಯವರು ಎಷ್ಟು ಬರುತ್ತಾರೆಂದು ಹೆಣ್ಣಿನ ಕಡೆಯವರನ್ನು ಕೇಳುವುದು, ಹೆಣ್ಣಿನ ಕಡೆಯವರು ಎಷ್ಟೆಂದು ಗಂಡಿನ ಕಡೆಯವರನ್ನು ಕೇಳುವುದು. ಅಂದಿನಿಂದ ಅನ್ನ ಕಡಿಮೆಯಾಗಲಿಲ್ಲ. ಆ ಕಂಪನಿಯನ್ನು ಪುಣೆಯವರು ಕೊಂಡುಕೊಂಡರು. ನಿಮಗೆ ಮೊದಲ ಸಲ ಊರಿನಲ್ಲಿ ಹೆಸರು ಬಂತು.

ಆ ಹೆಸರನ್ನು ಮೂರನೆಯದರಲ್ಲಿ ಕಳೆದುಕೊಂಡಿರಿ. ಮೆಣಸಿನಕಾಯಿ ಎಂಬ ಅಡ್ಡಹೆಸರಿನ ನಿಮ್ಮ ಮನೆತನದವರು ಮೆಣಸಿನಕಾಯಿ ವ್ಯವಹಾರಕ್ಕೇ ಇಳಿದರೆಂದು ಊರೆಲ್ಲ ತಮಾಷೆ ಮಾಡಿತು. ಬ್ಯಾಡಗಿ ಮೆಣಸಿನಕಾಯಿಯ ಬಣ್ಣವನ್ನು ಫೋನಿನ ಕ್ಯಾಮೆರಾದಿಂದಲೇ ಅಳೆದು ದರ್ಜೆ ಹೇಳುವ ಯಂತ್ರ ನಿಮ್ಮದು. ಯಂತ್ರ ಚೆನ್ನಾಗಿಯೇ ಇತ್ತು. ಆದರೆ ವ್ಯಾಪಾರಿಗಳು ಕಾಯಿ ಮುರಿದು, ಅಂಗೈಗೆ ತಿಕ್ಕಿ, ಮೂಸಿ, ದರ ಮುಗಿಸಿಕೊಂಡ ಮೇಲೆ ಮೋಜಿಗೆಂದು ನಿಮ್ಮ ಕ್ಯಾಮೆರಾ ಹಿಡಿಯುತ್ತಿದ್ದರು. ನಾಲ್ಕು ವರ್ಷಕ್ಕೆ ಬಾಗಿಲು ಹಾಕಿದಿರಿ. ಅರವತ್ತೆರಡು ಜನ ಕೆಲಸಗಾರರಿದ್ದರು. ಕೊನೆಯವನಿಗೆ ಬೇರೆ ಕೆಲಸ ಸಿಗುವವರೆಗೆ ಎರಡು ವರ್ಷ ಅವರಿವರ ಬಾಗಿಲು ತಟ್ಟಿದಿರಿ ಎಂದು ನಮ್ಮ ಪುಸ್ತಕದಲ್ಲಿದೆ. ಅದನ್ನು ಓದಿದಾಗಲೇ ನನಗೆ ನಿಮ್ಮ ಮೇಲೆ ಪ್ರೀತಿ ಹುಟ್ಟಿದ್ದು, ಮಿಕ್ಕ ಸಾಧನೆಗಳಿಂದಲ್ಲ. ಆ ದಿನಗಳಲ್ಲೇ ನಿಮಗೆ ಏದುಸಿರು ಶುರುವಾಯಿತು. ಕೇಳಿದವರಿಗೆಲ್ಲ ಮೆಣಸಿನಕಾಯಿ ಘಾಟು ಎಂದಿರಿ. ಆಗ ಅದು ನಿಜವೂ ಇರಬಹುದು.

ನಾಲ್ಕನೆಯದಕ್ಕೆ ಆರೋಗ್ಯವನ್ನೇ ಏಕೆ ಆರಿಸಿಕೊಂಡಿರಿ ಎಂದು ಯಾರೋ ಕೇಳಿದಾಗ ನೀವು ಕೊಟ್ಟ ಉತ್ತರ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ: "ಮೂರು ಕಂಪನಿ ಮಾಡಿದೆ. ಮೂರರಾಗೂ ಮಂದಿ ನನಗ ಮೊದಲ ಖರೇ ಹೇಳಲಿಲ್ಲ. ಸುಳ್ಳ ಹೇಳಿದ್ರ ಜೀವಾ ಹೋಗೋವಂಥಾ ಕೆಲಸಾ ಮಾಡಿದ್ರ ಖರೇ ಹೇಳ್ತಾರ ಅಂತ ತಿಳದೆ." ಪಾಪ, ಎಂಥ ನಂಬಿಕೆ! ಬಿ.ಪಿ., ಸಕ್ಕರೆ ಕಾಯಿಲೆ ಇರುವ ಒಂಬತ್ತು ಸಾವಿರ ಜನರಿಗೆ ಯಂತ್ರ ದಿನಾ ಬೆಳಿಗ್ಗೆ ಫೋನ್ ಮಾಡಿ "ಆರಾಮ ಅದೀರಿ?" ಎಂದು ಕೇಳುತ್ತಿತ್ತು. ನೂರಕ್ಕೆ ತೊಂಬತ್ತೇಳು ಜನ "ಆರಾಮ್ರೀ" ಎನ್ನುತ್ತಿದ್ದರು. ಕೇಳಿದವರಿಗೆ ಆರಾಮ ಎನ್ನದೆ ಬೇನೆಯ ಪುರಾಣ ಬಿಚ್ಚುವುದು ಮರ್ಯಾದೆಯಲ್ಲ ಎಂದು ನಂಬಿದ ಊರುಗಳವು. ಕೇಳಿದ್ದು ಯಂತ್ರವಾದರೇನು, ಮರ್ಯಾದೆ ಮರ್ಯಾದೆಯೇ. ಬಂಡವಾಳ ಹಾಕಿದವರು ಆ ತೊಂಬತ್ತೇಳನ್ನು ನೋಡಿ ಹಿಗ್ಗಿದರು. ಜಿಲ್ಲೆಗೆ ಜಿಲ್ಲೆಯೇ ಗುಣವಾಗುತ್ತಿದೆ ಎಂದು ಭಾಷಣಗಳೂ ಆದವು.

ಕುಂದಗೋಳದ ಫಕ್ಕೀರಪ್ಪ ಎಂಬವರೂ ದಿನಾ ಆರಾಮ ಎನ್ನುತ್ತಿದ್ದವರು. ಒಂದು ದಿನ ಅವರ ಕಾಲನ್ನು ಮೊಣಕಾಲ ಕೆಳಗೆ ಕತ್ತರಿಸಬೇಕಾಯಿತು. ನಿಮ್ಮ ಇಂಜಿನಿಯರ್ ಝೀನತ್ ಮುಲ್ಲಾ ಹಿಂದಿನ ಕರೆಗಳನ್ನು ತೆಗೆದು ಕೇಳಿದರು. ಎಲ್ಲದರಲ್ಲೂ ಸ್ವಚ್ಛವಾದ "ಆರಾಮ್ರೀ". ಅವರಿಗೆ ಸಮಾಧಾನವಾಗಲಿಲ್ಲ. ಯಂತ್ರ ಹಿನ್ನೆಲೆಯ ಗದ್ದಲವನ್ನು ಅಳಿಸುವ ಮೊದಲಿನ ಮುದ್ರಿಕೆಯನ್ನು ಹುಡುಕಿ ಹಾಕಿದರು. ಗಂಡನ ಬೆನ್ನ ಹಿಂದೆ ಹೆಂಡತಿ ಕೂಗುತ್ತಿದ್ದರು: "ಎಲ್ಲೀ ಆರಾಮ ಯವ್ವಾ! ಕಾಲಬೆರಳ ಕರ್ರಗಾಗ್ಯಾವ, ಸಾಕ್ಸ ಹಾಕ್ಕೊಂಡ ಮಲಗತಾರ, ಡಾಕ್ಟರಗ ತೋರಸವಲ್ರು!" ಹನ್ನೊಂದು ದಿನ ಆ ತಾಯಿ ಹಾಗೆ ಕೂಗಿದ್ದರು. ಹನ್ನೊಂದು ದಿನವೂ ಯಂತ್ರ ಅದನ್ನು ಕಸ ಎಂದು ಗುಡಿಸಿಹಾಕಿತ್ತು. ಆ ಮುದ್ರಿಕೆಯನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಪ್ರತಿ ಸಲವೂ ಸಿಟ್ಟು ಬರುತ್ತದೆ, ಯಾರ ಮೇಲೆಂದು ಗೊತ್ತಾಗುವುದಿಲ್ಲ.

ನೀವು ಅಂದು ಎಲ್ಲರನ್ನೂ ಕೂಡಿಸಿ ಹೇಳಿದ ಮಾತು ಇಷ್ಟೇ: "ಗದ್ದಲಾ ಇಟಗೊಳ್ರಿ. ಉತ್ತರಾ ಬಿಡ್ರಿ." ಆಮೇಲೆ ಇನ್ನೂ ಮುಂದೆ ಹೋಗಿ ಮದುವೆ ಮನೆಯ ಉಪಾಯವನ್ನೇ ಇಲ್ಲೂ ಹೂಡಿದಿರಿ. "ತನ್ನ ಬ್ಯಾನಿ ಮುಚ್ಚಿಡಾಂವಾ ಮಗ್ಗಲಮನ್ಯಾವರ ಬ್ಯಾನಿ ಡಂಗುರಾ ಹೊಡೀತಾನು" ಎಂದಿರಿ. ರೋಗಿಯನ್ನು ಕೇಳುವುದು ಬಿಟ್ಟು, ಅವರನ್ನು ದಿನಾ ನೋಡುವ ಪಕ್ಕದ ಮನೆಯವರನ್ನು ಕೇಳತೊಡಗಿದಿರಿ. ಕಂಪನಿಯ ಹೆಸರು 'ಬಾಜೂಮನಿ' ಎಂದಾಯಿತು. ಹೇಳುವವರ ಹೆಸರು ಬಾಜೂ.

ಆ ಪದ ಈಗ ನಮ್ಮಲ್ಲಿ ಅಣ್ಣ, ಅತ್ತೆ ಎಂಬಂಥ ನಂಟಿನ ಹೆಸರು. ಹುಟ್ಟಿದ ಮಗುವಿಗೆ ಹನ್ನೆರಡನೇ ದಿನ ಹೆಸರಿಟ್ಟು, ಹದಿಮೂರನೇ ದಿನ ಬಾಜೂ ಗೊತ್ತುಮಾಡುತ್ತಾರೆ. ಒಂದೇ ಸೂರಿನವರು ಬಾಜೂ ಆಗುವಂತಿಲ್ಲ, ಏಕೆಂದರೆ ಒಂದೇ ಮನೆಯವರು ಬಹುಬೇಗ ಒಬ್ಬರಿಗೊಬ್ಬರು ಸುಳ್ಳು ಹೇಳಲು ಕಲಿಯುತ್ತಾರೆ. ಬೆಳಿಗ್ಗೆ ಏಳರ ಹೊತ್ತಿಗೆ ಮಾತುಗೋಡೆ ಕೇಳುತ್ತದೆ. ನಿಮ್ಮ ಫೋನುಗಳೆಲ್ಲ ಕೊನೆಗೆ ಮನೆಯ ಗೋಡೆಯೊಳಗೆ ಸೇರಿಹೋದವು, ಅದಕ್ಕೆ ಆ ಹೆಸರು. ಬಾಜೂ ಆದವರು ಕಂಡದ್ದನ್ನು ಹೇಳಬೇಕು, ಊಹಿಸಿದ್ದನ್ನು ಹೇಳಬಾರದು. ನಿನ್ನೆ ಎರಡು ರೊಟ್ಟಿ ತಿಂದರು, ಇವತ್ತು ಒಂದೂವರೆ. ಕಟ್ಟೆ ಇಳಿಯುವಾಗ ಗೋಡೆ ಹಿಡಿದರು. ಹಾಡು ಗುನುಗಲಿಲ್ಲ. ಆ ಮಾತುಗಳ ಹಿಂದಿನ ಸದ್ದನ್ನು ಆಲಿಸುವುದು ನನ್ನಂಥವರ ಕೆಲಸ. ನಿಮ್ಮ ಕಾಲದ ಸೂಲಗಿತ್ತಿಯಂತೆ ನಮ್ಮಲ್ಲಿ ಗದ್ದಲಗಿತ್ತಿ ಎಂಬುದೊಂದು ಕಸುಬು. ನೀರು ಕುಡಿಯುವ ಸದ್ದು, ಕುರ್ಚಿಯಲ್ಲಿ ಕೂರುವ ಸದ್ದು, ಉಸಿರು. ಒಬ್ಬಳಿಗೆ ಇನ್ನೂರು ಮನೆ. ಇಣುಕುಬುದ್ಧಿಯವರು ಇಲ್ಲವೆಂದಲ್ಲ, ಬೇಕಾದಷ್ಟಿದ್ದಾರೆ. ಊಹೆ ಹೇಳಿದವರನ್ನು ಓಣಿಯ ಸಭೆ ಮೂರು ತಿಂಗಳು ಬಾಜೂತನದಿಂದ ಇಳಿಸುತ್ತದೆ. ಮಾತು ಬಿಟ್ಟ ಬಾಜೂ ಸಿಕ್ಕರೆ ನೂರು ವರ್ಷ ಆಯುಷ್ಯ ಎಂದು ನಮ್ಮಲ್ಲೊಂದು ಗಾದೆಯಿದೆ, ಏಕೆಂದರೆ ಜಗಳವಾಡಿದವರಷ್ಟು ಕಣ್ಣಿಟ್ಟು ನೋಡುವವರು ಬೇರೆ ಯಾರೂ ಇಲ್ಲ. ಹುಬ್ಬಳ್ಳಿಯಲ್ಲಿ ಗಿರ್ಮಿಟ್ಟೂ ಮಿರ್ಚಿಯೂ ಇನ್ನೂ ಇವೆ. ಆ ಚಿಂತೆ ಬೇಡ.

ನನ್ನ ಮಗಳು ಜೇನವ್ವನಿಗೆ ಈಗ ಆರು ವರ್ಷ. ಅವಳ ಬಾಜೂ ಬಸವಂತ ಗೊರವರ ಎಂಬ ಎಪ್ಪತ್ತೆಂಟರ ಮುದುಕ. ಒಂದು ನುಗ್ಗೆ ಗಿಡದ ಸಲುವಾಗಿ ಒಂಬತ್ತು ವರ್ಷದಿಂದ ನಮ್ಮ ಮನೆಯವರೊಡನೆ ಮಾತು ಬಿಟ್ಟಿದ್ದಾನೆ. ಹೋದ ವರ್ಷ ಒಂದು ಬೆಳಿಗ್ಗೆ ಅವನು ಗೋಡೆಗೆ ಹೇಳಿದ ಮಾತು ಕೇಳಿ: "ಆ ಹುಡುಗಿ ಮೊನ್ನೆ ನಮ್ಮ ಗಿಡಕ್ಕ ಕಲ್ಲ ಒಗೀಲಿಲ್ಲ. ನಿನ್ನೇನೂ ಒಗೀಲಿಲ್ಲ. ಬರಕೋರಿ." ಅಷ್ಟೇ. ಗಂಟೆಯೊಳಗೆ ವೈದ್ಯರು ಬಂದರು. ಮಿದುಳಿಗೆ ಏರುವ ಜ್ವರ. ಇನ್ನೊಂದು ದಿನ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು. ಇನ್ನೂರು ಮನೆಗಳ ಉಸಿರು ಕೇಳುವ ನನಗೆ ನನ್ನದೇ ಮಗುವಿನ ಮೌನ ಕೇಳಿಸಿರಲಿಲ್ಲ. ಅವಳು ಜಾಣಳಾಗಿ ಕೂತಿದ್ದಾಳೆ ಎಂದು ಖುಷಿಪಟ್ಟಿದ್ದೆ. ಬಸವಂತಜ್ಜ ಇವತ್ತಿಗೂ ನಮ್ಮ ಜೊತೆ ಮಾತನಾಡುವುದಿಲ್ಲ, ನುಗ್ಗೆಕಾಯಿಯನ್ನೂ ಕೊಡುವುದಿಲ್ಲ.

ಇನ್ನು ನಿಮ್ಮ ಖಾತೆಯ ವಿಷಯ. ಬಾಜೂಮನಿಯ ಒಂದನೇ ನಂಬರಿನ ಖಾತೆ ನಿಮ್ಮದೇ. ವ್ಯವಸ್ಥೆ ಕೆಲಸ ಮಾಡುತ್ತದೆಯೋ ಇಲ್ಲವೋ ನೋಡಲೆಂದು ತೆರೆದದ್ದು. ಬಾಜೂ ಯಾರು ಎಂಬ ಜಾಗದಲ್ಲಿ ನಿಮ್ಮದೇ ಎರಡನೇ ಫೋನಿನ ನಂಬರು ಹಾಕಿದಿರಿ. ಆಮೇಲೆ ಅದನ್ನು ಬದಲಾಯಿಸಲೇ ಇಲ್ಲ. ದಿನಾ ಬೆಳಿಗ್ಗೆ ಯಂತ್ರ ಕೇಳುತ್ತದೆ, "ರತ್ನಮಾಲಾ ಅವರು ಹ್ಯಾಂಗದಾರ್ರಿ?" ನೀವು ನಿಮ್ಮ ಬಗ್ಗೆ ನೀವೇ ಹೇಳುತ್ತೀರಿ, "ಆರಾಮ ಅದಾರ." ಅಂಥ ಉತ್ತರ ಸಾವಿರದ ನಾನೂರಕ್ಕೂ ಹೆಚ್ಚಿವೆ. ಗದ್ದಲ ಇಟ್ಟುಕೊಳ್ಳಿ ಎಂದು ನೀವೇ ಹೇಳಿದ್ದರಿಂದ ಎಲ್ಲವೂ ಉಳಿದಿವೆ. ಪರೀಕ್ಷೆಯ ಖಾತೆಯನ್ನು ಯಾರೂ ಕೇಳುವ ಪದ್ಧತಿ ಇರಲಿಲ್ಲವಾದ್ದರಿಂದ ನಿಮ್ಮ ಆಫೀಸಿನಲ್ಲಿ ಯಾರೂ ಕೇಳಲಿಲ್ಲ. ನಾನು ಕೇಳಿದೆ. ಕಳೆದ ಸೆಪ್ಟೆಂಬರಿನಿಂದ ನೀವು ಉತ್ತರ ಕೊಡುವ ಮೊದಲು ಕೂರುತ್ತೀರಿ. ಡಿಸೆಂಬರಿನಲ್ಲಿ ಎಡಗೈ ಬದಲು ಬಲಗೈಯಲ್ಲಿ ಫೋನ್ ಹಿಡಿಯತೊಡಗಿದ್ದೀರಿ, ಬಳೆಯ ಸದ್ದಿನಿಂದ ತಿಳಿಯುತ್ತದೆ. ಈ ಜನವರಿಯಲ್ಲಿ "ಆರಾಮ" ಮತ್ತು "ಅದಾರ" ಎಂಬ ಎರಡು ಪದಗಳ ನಡುವೆ ಒಂದು ಉಸಿರು ಬಂದಿದೆ. ಹೊಸಬಳಾದ ಗದ್ದಲಗಿತ್ತಿ ಕೂಡ ಇದನ್ನು ಕೇಳಿ ಎದ್ದು ಓಡುತ್ತಾಳೆ.

ನಿಮ್ಮ ಸಾವಿನ ಮೂರನೇ ದಿನ ಆಫೀಸಿನಲ್ಲಿ ಎಲ್ಲರೂ ಕೂಡಿ ಕುಳಿತರು. ಎರಡನೇ ಮಹಡಿಯ ತಿರುವಿನಲ್ಲಿ ನೀವು ಫೋನು ನೋಡುವ ನೆಪದಲ್ಲಿ ನಿಲ್ಲುತ್ತಿದ್ದುದನ್ನು ಪ್ರತಿಯೊಬ್ಬರೂ ಕಂಡಿದ್ದರು. ಜಗತ್ತಿಗೆಲ್ಲ ಬಾಜೂ ಹುಡುಕಿಕೊಟ್ಟ ಆಫೀಸು ಅದು. ಆದರೆ ಅಲ್ಲಿ ಯಾರೂ ಯಾರಿಗೂ ಹೇಳಿರಲಿಲ್ಲ, ಏಕೆಂದರೆ ಅಕ್ಕಾವ್ರ ಬಾಜೂ ಬೇರೆ ಯಾರೋ ಇರಬೇಕು ಎಂದು ಎಲ್ಲರೂ ತಿಳಿದಿದ್ದರು. ಮೆಟ್ಟಿಲು ಒರೆಸುವ ಪದ್ಮಾವತಿಯವರ ಮಾತು ಅಂದಿನ ಮುದ್ರಿಕೆಯಲ್ಲಿದೆ: "ಐದ ತಿಂಗಳಾತ್ರಿ, ಅಲ್ಲೇ ಕುಂಡರ್ತಿದ್ರು. ನಾ ಒರಸಿದ್ದ ಮೆಟ್ಟಲಾ ಒಣಗೋತನಕಾ ಏಳತಿದ್ದಿಲ್ಲ. ನನ್ನ ಯಾರ್ ಕೇಳಿದ್ರಿ?"

ಆ ನಾಚಿಕೆಯಿಂದಲೇ ನಮ್ಮ ಶಕೆ ಶುರುವಾಯಿತು. ಮಾರ್ಚ್ ಎಂಟರಂದು ನೀವು ವಿಮಾ ಕಂಪನಿಯೊಂದಕ್ಕೆ ಬಾಜೂಮನಿಯನ್ನು ಮಾರುವ ಕಾಗದಕ್ಕೆ ಸಹಿ ಹಾಕುವುದಿತ್ತು. ನಿಮ್ಮ ನಂತರ ಕೆಲಸಗಾರರು ಸಹಿಗೆ ಒಪ್ಪಲಿಲ್ಲ. ಕಂಪನಿಯನ್ನು ಊರವರ ಸಂಘವಾಗಿ ಬದಲಾಯಿಸಿ, ಯಾರೂ ತಮಗೆ ತಾವೇ ಬಾಜೂ ಆಗಬಾರದೆಂದು ಮೊದಲ ನಿಯಮ ಬರೆದರು. ಆ ಒಪ್ಪಂದದ ಕರಡು ನಮ್ಮಲ್ಲಿದೆ. ನಲವತ್ತೊಂದನೇ ಪುಟವನ್ನು ನೀವು ಓದಿರಲಿಕ್ಕಿಲ್ಲ. ಬಾಜೂಗಳು ಹೇಳಿದ್ದನ್ನೆಲ್ಲ ಆ ವಿಮಾ ಕಂಪನಿ ರೋಗಿಯ ವಿರುದ್ಧ ಬಳಸಬಹುದು ಎಂದು ಅಲ್ಲಿದೆ. ನೆರೆಯವಳ ಮಾತಿನಿಂದ ನೆರೆಯವನ ವಿಮೆ ರದ್ದಾಯಿತೆಂದು ಒಂದು ಓಣಿಗೆ ಗೊತ್ತಾದರೆ ಸಾಕು, ಇಡೀ ಜಿಲ್ಲೆ ಬಾಯಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಬಾಜೂ ಇರುವುದಿಲ್ಲ, ಮಾತು ಬಿಟ್ಟ ಬಸವಂತಜ್ಜನನ್ನು ಯಾರೂ ಏನನ್ನೂ ಕೇಳುವುದಿಲ್ಲ.

ನನ್ನ ಭಯ ಈಗ ನಿಮಗೆ ತಿಳಿಯಿತು. ನೀವು ಸತ್ತದ್ದರಿಂದ ಆ ಸಹಿ ತಪ್ಪಿತು. ನೀವು ಬದುಕಿದರೆ ಸಹಿ ಹಾಕಲೂಬಹುದು. ಇಪ್ಪತ್ತು ವರ್ಷ ನಾಲ್ಕು ಕಂಪನಿ ಎಳೆದು ದಣಿದಿದ್ದೀರಿ. ಮಾರಿ ಸುಮ್ಮನೆ ಕೂರಬೇಕು ಎಂದು ನಿಮಗೆ ಅನಿಸಿದ್ದರೆ ಬೈಯುವ ಹಕ್ಕು ನನಗಿಲ್ಲ. ಮೂರು ತಿಂಗಳು ಈ ಪತ್ರ ಬರೆಯಲೋ ಬೇಡವೋ ಎಂದು ಒದ್ದಾಡಿದೆ. ಗಂಡ ಬೇಡ ಎಂದ. ಸತ್ತು ನೂರೆಪ್ಪತ್ತು ವರ್ಷ ಆದವರಿಗಾಗಿ ಇರುವ ಮಗುವನ್ನು ಪಣಕ್ಕಿಡುತ್ತೀಯಾ ಎಂದು ಕೇಳಿದ. ಅವನ ಮಾತಿನಲ್ಲಿ ತಪ್ಪಿಲ್ಲ. ಆದರೆ ನಿಮ್ಮ ಉಸಿರು ನನಗೆ ಕೇಳಿಸಿಬಿಟ್ಟಿದೆ. ಕಂಡವರು ಹೇಳಬೇಕು ಎಂಬ ಒಂದೇ ಮಾತಿನ ಮೇಲೆ ನಮ್ಮ ಊರು ನಿಂತಿದೆ. ನನ್ನ ಮಗಳು ಉಳಿಯಲಿ ಎಂದು ನಾನು ಸುಮ್ಮನಿದ್ದರೆ, ಆ ಮೆಟ್ಟಿಲಿನಲ್ಲಿ ನಿಮ್ಮನ್ನು ದಾಟಿಕೊಂಡು ಹೋದವರಿಗೂ ನನಗೂ ಏನು ವ್ಯತ್ಯಾಸ? ನನಗೆ ಹೆದರಿಕೆಯಾಗುತ್ತಿದೆ, ಅಕ್ಕಾ.

ಎರಡು ಬೇಡಿಕೆ. ನಾಳೆಯೇ ಹೃದಯದ ವೈದ್ಯರ ಬಳಿ ಹೋಗಿ, ಜೊತೆಗೆ ಪದ್ಮಾವತಿಯವರನ್ನು ಕರೆದುಕೊಂಡು ಹೋಗಿ. ವೈದ್ಯರು ಕೇಳಿದಾಗ ನೀವು ಬಾಯಿ ಬಿಡಬೇಡಿ, ಅವರು ಹೇಳಲಿ. ಎರಡನೆಯದು, ಸಹಿ ಹಾಕುವ ಮುನ್ನ ನಲವತ್ತೊಂದನೇ ಪುಟ ಓದಿ. ಹಾಕಬೇಡಿ ಎಂದು ನಾನು ಆಣೆ ಇಡುವುದಿಲ್ಲ. ಆಣೆಯಿಟ್ಟು ಮಾಡಿಸಿದ್ದು ಏಳು ತಲೆಮಾರು ಬಾಳುವುದಿಲ್ಲ. ಅರವತ್ತೆರಡು ಜನರಿಗಾಗಿ ಬಾಗಿಲು ಬಾಗಿಲು ತಿರುಗಿದವರು ನೀವು. ನಿಮ್ಮನ್ನು ನಂಬಿದ್ದೇನೆ.

ಹಿಂಟಪಾಲಿನ ಪೆಟ್ಟಿಗೆ ನಮ್ಮ ಓಣಿಯ ತುದಿಯಲ್ಲೇ ಇದೆ. ಹೆಬ್ಬೆಟ್ಟು ಒತ್ತಿಯಾಗಿದೆ. ಜೇನವ್ವ ತಾನೂ ಬರುತ್ತೇನೆಂದು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾಳೆ. ಪತ್ರ ಹಾಕುವಾಗ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತೇನೆ.

ಹೊನ್ನಬೀ ಕಿರೇಸೂರ